ಹಾಡು ಓಡಿತು, ಕಂಪನಿ ಮುಳುಗಿತು: ಸೋಲ್, ಗಾಸ್ಪೆಲ್‌ನ ಸಣ್ಣ ಲೇಬಲ್‌ಗಳ ಕಥೆ

ತಟ್ಟೆಪ್ರಿಯ

ಹಿಂದಿನ ಎಳೆಯಲ್ಲಿ ಒಬ್ಬರು "ಸೋಲ್ ಅಂದ್ರೆ ಮೋಟೌನ್" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟರು. (ಗೊತ್ತಿಲ್ಲದವರಿಗೆ: ಸೋಲ್ ಅಂದ್ರೆ ಕಪ್ಪು ಅಮೆರಿಕನ್ನರ ಭಾವತುಂಬಿದ ಹಾಡು, ಗಾಸ್ಪೆಲ್ ಅವರ ಚರ್ಚಿನ ಹಾಡು, ಲೇಬಲ್ ಅಂದ್ರೆ ರೆಕಾರ್ಡ್ ಕಂಪನಿ, ಮೋಟೌನ್ ಡೆಟ್ರಾಯಿಟ್‌ನ ಹೆಸರಾಂತ ಸೋಲ್ ಲೇಬಲ್.) ಅಲ್ಲಿ ಜಗಳ ಬೇಡ ಅಂತ ಇಲ್ಲಿ ಬೇರೆ ಎಳೆ ಶುರು ಮಾಡ್ತಿದ್ದೀನಿ. ನನ್ನ ವಾದ ಇಷ್ಟೇ: 1945ರಿಂದ 75ರವರೆಗಿನ ಅಮೆರಿಕದ ಕಪ್ಪು ಜನರ ಸಂಗೀತವನ್ನು ಮೊದಲು ಟೇಪಿಗೆ ಹಾಕಿದ್ದು ದೊಡ್ಡ ಕಂಪನಿಗಳಲ್ಲ, ರೆಕಾರ್ಡ್ ಅಂಗಡಿ ಇಟ್ಟುಕೊಂಡವರು, ನೈಟ್‌ಕ್ಲಬ್ ನಡೆಸಿದವರು, ರೇಡಿಯೋದಲ್ಲಿ ಮಾತಾಡುತ್ತಿದ್ದವರು. ಆ ಲೇಬಲ್‌ಗಳಲ್ಲಿ ಬಹುಪಾಲು ಮುಚ್ಚಿಹೋದವು. ಹಾಡು ಸೋತು ಮುಚ್ಚಿದ್ದಕ್ಕಿಂತ ಹಾಡು ಗೆದ್ದು ಮುಚ್ಚಿದ ಕಥೆಗಳೇ ನನಗೆ ಹೆಚ್ಚು ಆಸಕ್ತಿ ಹುಟ್ಟಿಸೋದು.

ವೀ-ಜೇ ನೋಡಿ. ಇಂಡಿಯಾನಾದ ಗ್ಯಾರಿ ಊರಲ್ಲಿ ವಿವಿಯನ್ ಕಾರ್ಟರ್ ರೇಡಿಯೋ ಡಿಜೆ, ಜೊತೆಗೆ ರೆಕಾರ್ಡ್ ಅಂಗಡಿ. ಗಂಡ ಜೇಮ್ಸ್ ಬ್ರಾಕನ್. ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ 1953ರಲ್ಲಿ ಲೇಬಲ್ ಶುರು ಮಾಡಿದರು, ಆಮೇಲೆ ಷಿಕಾಗೋಗೆ ಹೋದರು. ಬ್ಲೂಸ್ ಗಾಯಕ ಜಿಮ್ಮಿ ರೀಡ್ ಅಲ್ಲಿದ್ದ. ಗಾಸ್ಪೆಲ್‌ನಲ್ಲಿ ಸ್ವಾನ್ ಸಿಲ್ವರ್‌ಟೋನ್ಸ್, ಸ್ಟೇಪಲ್ ಸಿಂಗರ್ಸ್ ಇದ್ದರು. ಪಾಪ್ಸ್ ಸ್ಟೇಪಲ್ಸ್‌ನ ಆ ನಡುಗುವ ಗಿಟಾರ್ ದೇಶಕ್ಕೆಲ್ಲ ಕೇಳಿಸಿದ್ದು 1956ರ ವೀ-ಜೇ ತಟ್ಟೆಯಿಂದ (ತಟ್ಟೆ ಅಂದ್ರೆ ರೆಕಾರ್ಡ್). 1962ರಲ್ಲಿ ಫೋರ್ ಸೀಸನ್ಸ್ ಅನ್ನೋ ತಂಡ ಬಂದು ಮಿಲಿಯನ್‌ಗಟ್ಟಲೆ ಮಾರಾಟ. 1963ರಲ್ಲಿ ಕ್ಯಾಪಿಟಲ್ ಅನ್ನೋ ದೊಡ್ಡ ಕಂಪನಿ ಬೇಡ ಅಂದ ಒಂದು ಇಂಗ್ಲಿಷ್ ತಂಡ ಇವರ ಕೈಗೆ ಬಂತು, ಹೆಸರು ಬೀಟಲ್ಸ್! 1964ರಲ್ಲಿ ಇವರ ಹತ್ತಿರ ಬೀಟಲ್ಸ್ ತಟ್ಟೆ ಇತ್ತು, ಕ್ಯಾಪಿಟಲ್‌ನಿಂದ ಕೇಸೂ ಇತ್ತು. 1966ಕ್ಕೆ ದಿವಾಳಿ. ಅಮೆರಿಕದ ಅತಿ ದೊಡ್ಡ ಕಪ್ಪು ಒಡೆತನದ ಲೇಬಲ್ ಆಗಿದ್ದದ್ದು, ಜಗತ್ತಿನ ಅತಿ ದೊಡ್ಡ ತಂಡವನ್ನು ಕೈಯಲ್ಲಿಟ್ಟುಕೊಂಡೇ ಮುಳುಗಿತು.

ಹೇಗೆ ಸಾಧ್ಯ ಅಂತ ಗೊತ್ತಿದ್ದವರು ಬಿಡಿಸಿ ಹೇಳಿ.

ಲೆಕ್ಕದ ಪುಸ್ತಕ

ಸಾಧ್ಯ ಮಾತ್ರ ಅಲ್ಲ, ಆ ಧಂದೆಯಲ್ಲಿ ಅದು ಮಾಮೂಲು. ಒಂದು ಹಾಡು ಓಡೋಕೆ ಶುರುವಾಯ್ತು ಅಂದ್ಕೊಳ್ಳಿ. ಫಿಲಡೆಲ್ಫಿಯಾದಿಂದ, ಅಟ್ಲಾಂಟಾದಿಂದ, ಡೆಟ್ರಾಯಿಟ್‌ನಿಂದ ವಿತರಕರ ಫೋನು: ಹತ್ತು ಸಾವಿರ ಕಳಿಸಿ, ಇಪ್ಪತ್ತು ಸಾವಿರ ಕಳಿಸಿ. ತಟ್ಟೆ ಒತ್ತುವ ಪ್ರೆಸಿಂಗ್ ಪ್ಲಾಂಟಿನವನು ಸಣ್ಣ ಲೇಬಲ್‌ಗೆ ಸಾಲ ಕೊಡಲ್ಲ, ಕೈಗೆ ಕಾಸು ಬಿದ್ದರೇ ಯಂತ್ರ ತಿರುಗೋದು. ತಟ್ಟೆ ನಡುವಿನ ಹೆಸರಿನ ಚೀಟಿ, ಕವರು, ಸಾಗಣೆ ಎಲ್ಲ ಮುಂಗಡ. ವಿತರಕ ಮಾತ್ರ ದುಡ್ಡು ಕೊಡೋದು ತಿಂಗಳುಗಟ್ಟಲೆ ಆದ ಮೇಲೆ, ಅದೂ ಮಾರಾಟವಾಗದ ತಟ್ಟೆ ವಾಪಸ್ ಕಳಿಸಿ ಕಳೆದು ಉಳಿದದ್ದು. ಅವನು ಖಂಡಿತ ಕೊಡೋದು ಯಾವಾಗ? ನಿಮ್ಮ ಮುಂದಿನ ಹಾಡೂ ಅವನಿಗೆ ಬೇಕು ಅನ್ನಿಸಿದಾಗ. ಮುಂದಿನದು ಬಿದ್ದರೆ ಹಿಂದಿನ ಬಾಕಿಗೂ ನಾಮ.

ಅಂದ್ರೆ ಹಿಟ್ ಆದಷ್ಟೂ ಸಾಲ ಜಾಸ್ತಿ. ವೀ-ಜೇಗೆ ಒಂದೇ ಸಲ ಎರಡು ಭಾರೀ ಹಿಟ್ ತಂಡ. ರಾಯಲ್ಟಿ ಬಾಕಿ ಉಳಿದು ಫೋರ್ ಸೀಸನ್ಸ್ ಜಗಳವಾಡಿ ಬೇರೆ ಕಂಪನಿಗೆ ಹೋದರು. ಬೀಟಲ್ಸ್ ಹಕ್ಕಿನ ಜಗಳ ಕೋರ್ಟಿಗೆ ಹೋಯ್ತು. ಖರ್ಚು ಮಾತ್ರ ದೊಡ್ಡ ಕಂಪನಿಯದೇ ಉಳೀತು.

ಗಾಸ್ಪೆಲ್ ಈ ಜೂಜಿಗೆ ಹೊರಗಿತ್ತು. ಒಂದು ಗಾಸ್ಪೆಲ್ ತಟ್ಟೆ ವರ್ಷಗಟ್ಟಲೆ ನಿಧಾನಕ್ಕೆ ಮಾರಾಟ ಆಗೋದು. ಹಾಡುವವರೇ ಭಾನುವಾರದ ಕಾರ್ಯಕ್ರಮ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಮೇಜು ಹಾಕಿ ಮಾರೋರು. ಆಲ್ಬಮ್ ಇದ್ದರೆ ಅದೂ. ವಾಪಸ್ ಬರೋ ಮಾತೇ ಇಲ್ಲ. ಸೋಲ್‌ನಲ್ಲಿ ಕಳಕೊಂಡ ಬಾಡಿಗೆಯನ್ನು ಗಾಸ್ಪೆಲ್ ಕಟ್ಟಿದ ಲೇಬಲ್‌ಗಳು ಒಂದೆರಡಲ್ಲ.

ಕುಡ್ಲದ ಕೇಳುಗ

ಇದಕ್ಕೆ ನ್ಯಾಶ್‌ಬೊರೊ ಸೇರಿಸಲೇಬೇಕು ಮಾರಾಯ್ರೆ. ನ್ಯಾಶ್‌ವಿಲ್‌ನಲ್ಲಿ ಎರ್ನಿ ಯಂಗ್ ಅಂತ, ಅವನದ್ದೂ ರೆಕಾರ್ಡ್ ಅಂಗಡಿಯೇ. 1951ರ ಸುಮಾರಿಗೆ ಗಾಸ್ಪೆಲ್‌ಗೆ ನ್ಯಾಶ್‌ಬೊರೊ, ಬ್ಲೂಸ್‌ಗೆ ಎಕ್ಸೆಲ್ಲೋ. ಅವನ ಬುದ್ಧಿ ಇದ್ದದ್ದು ರೇಡಿಯೋದಲ್ಲಿ. ಡಬ್ಲ್ಯುಎಲ್‌ಎಸಿ ಅಂತ ಐವತ್ತು ಸಾವಿರ ವ್ಯಾಟ್‌ನ ಸ್ಟೇಷನ್. ರಾತ್ರಿ ಎಎಂ ತರಂಗ ದೂರ ಹೋಗ್ತದೆ ಅಲ್ವಾ, ದಕ್ಷಿಣದ ರಾಜ್ಯಗಳಲ್ಲೆಲ್ಲ ಕೇಳ್ತಿತ್ತು. ಜಾನ್ ಆರ್. ಅನ್ನುವ ಡಿಜೆಯ ಕಾರ್ಯಕ್ರಮಕ್ಕೆ ಎರ್ನಿಯ ಅಂಗಡಿಯ ಜಾಹೀರಾತು. ನಾಲ್ಕೈದು ತಟ್ಟೆಗಳ ಕಟ್ಟು, ಪೋಸ್ಟ್‌ಮ್ಯಾನ್ ಬಂದಾಗ ದುಡ್ಡು ಕೊಟ್ರೆ ಸಾಕು. ಆ ಕಟ್ಟಿನಲ್ಲಿ ಎರ್ನಿಯ ಸ್ವಂತ ಲೇಬಲ್ಲಿನ ತಟ್ಟೆಗಳೂ ಇರ್ತಿದ್ದವು. ವಿತರಕನೇ ಬೇಡ!

ಮಿಸ್ಸಿಸ್ಸಿಪ್ಪಿಯ ಹತ್ತಿ ಹೊಲದ ನಡುವೆ ಒಂದು ಮನೆ, ಪೇಟೆಯ ಅಂಗಡಿಯಲ್ಲಿ ಮರ್ಯಾದೆ ಇಲ್ಲ, ಹಿಂದಿನ ಬಾಗಿಲಿನಿಂದ ಬಾ ಅನ್ನುವ ಕಾಲ. ಅಂಥವರಿಗೆ ಅಂಚೆಯಲ್ಲಿ ಬರುವ ತಟ್ಟೆ ಅಂದ್ರೆ ಏನು ಅಂತ ಯೋಚನೆ ಮಾಡಿ. ಇನ್ನೊಂದು ತಮಾಷೆ, ಆ ಜಾನ್ ಆರ್. ಬಿಳಿಯ. ಅವನ ದನಿ ಕೇಳಿ ಅವನೂ ಕಪ್ಪು ಮನುಷ್ಯನೇ ಅಂತ ನಂಬಿದವರು ಬೇಕಾದಷ್ಟು ಜನ ಇದ್ರು.

ಹುಬ್ಳಿ ಹಾರ್ಮೋನಿಯಂ

ಡಾನ್ ರೋಬಿ ಹೆಸರು ತಗಿಯವ್ರು ಯಾರೂ ಇಲ್ಲೇನ್ರಿ ಇಲ್ಲಿ? ಹ್ಯೂಸ್ಟನ್‌ನ್ಯಾಗ ಬ್ರಾಂಝ್ ಪೀಕಾಕ್ ಅಂತ ಕ್ಲಬ್ ಇತ್ತು ಅಂವಂದು. ಗೇಟ್‌ಮೌತ್ ಬ್ರೌನ್ ಗಿಟಾರ್ ಬಾರಸ್ತಿದ್ದ ಅಲ್ಲಿ. ಅವನ ತಟ್ಟೆ ಬೇರೆ ಕಂಪನಿ ಸರಿಯಾಗಿ ಹೊರಗ ತರವಲ್ದು ಅಂತ ಸಿಟ್ಟಿಗೆದ್ದು 1949ರಾಗ ತಾನ ಪೀಕಾಕ್ ರೆಕಾರ್ಡ್ಸ್ ಶುರು ಮಾಡಿದ. ಮುಂದ ಮೆಂಫಿಸ್‌ನ ಡ್ಯೂಕ್ ಲೇಬಲ್ ನುಂಗಿದ, ಅದರ ಜೋಡಿ ಬಾಬಿ ಬ್ಲಾಂಡ್, ಜಾನಿ ಏಸ್ ಬಂದ್ರು. ಬಿಗ್ ಮಾಮಾ ಥಾರ್ನ್‌ಟನ್ ಅಲ್ಲೇ.

ಗಾಸ್ಪೆಲ್ ಪಟ್ಟಿ ನೋಡಿದ್ರ ತಲಿ ತಿರುಗತದ: ಡಿಕ್ಸಿ ಹಮಿಂಗ್‌ಬರ್ಡ್ಸ್, ಮಿಸ್ಸಿಸ್ಸಿಪ್ಪಿಯ ಫೈವ್ ಬ್ಲೈಂಡ್ ಬಾಯ್ಸ್, ಸೆನ್ಸೇಷನಲ್ ನೈಟಿಂಗೇಲ್ಸ್, ಮೈಟಿ ಕ್ಲೌಡ್ಸ್ ಆಫ್ ಜಾಯ್. ಬ್ಲೈಂಡ್ ಬಾಯ್ಸ್‌ನ ಆರ್ಚಿ ಬ್ರೌನ್‌ಲೀ ಹಾಡಿನ ನಡುವ ಚೀರ್ತಿದ್ನಲ್ಲ, ಆ ಚೀರು ಮುಂದ ಸೋಲ್ ಹಾಡೋ ಮಂದಿಗೆಲ್ಲ ಪಾಠ ಆತು.

ಆದ್ರ ಮನಷ್ಯಾ ಹೆಂಗ? ಹಾಡು ಬರದು ತಂದಾವ್ರಿಗೆ ಒಂದಿಷ್ಟು ರೊಕ್ಕ ಕೈಯಾಗ ಇಟ್ಟು, ಹಾಡು ಪೂರಾ ತನ್ನ ಹೆಸರಿಗೆ ಬರಕೊಂಡು, ಚೀಟಿ ಮ್ಯಾಲ ಬರದಾವ್ರು "ಡೆಡ್ರಿಕ್ ಮಲೋನ್" ಅಂತ ಹಾಕ್ತಿದ್ದ. ಆ ಮಲೋನ್ ಮತ್ಯಾರೂ ಅಲ್ಲ, ರೋಬಿನ. ಡ್ಯೂಕ್‌ನ ದೊಡ್ಡ ದೊಡ್ಡ ಹಾಡಿನ ಮ್ಯಾಲೆಲ್ಲ ಈ ಹೆಸರು. ಕಪ್ಪು ಮಾಲೀಕ ಅಂದಕೂಡ್ಲೆ ಕಪ್ಪು ಕಲಾವಿದಗ ನ್ಯಾಯ ಸಿಕ್ತು ಅಂತ ಬರೀಬ್ಯಾಡ್ರಿ ಅಂತ ನನ್ನ ವಿನಂತಿ.

ತಟ್ಟೆಪ್ರಿಯ

ಹಾಗೆ ಬರೆದಿಲ್ಲ ಸಾರ್. ಆದರೆ ರೋಬಿಯನ್ನು ಬರೀ ಖಳನಾಯಕ ಮಾಡೋದೂ ಸುಲಭದ ದಾರಿ. ಹಾಡನ್ನು ಪೂರಾ ಕೊಂಡುಕೊಂಡು ಅದರ ಮೇಲೆ ತಮ್ಮ ಹೆಸರು ಹಾಕಿಸಿಕೊಳ್ಳೋದು ಆಗ ಬಿಳಿ ಮಾಲೀಕರೂ ಮಾಡಿದ್ದೇ, ಎಷ್ಟೋ ಡಿಜೆಗಳ ಹೆಸರೂ ಹಾಗೆ ಸೇರಿಕೊಂಡಿದೆ. ಪೀಕಾಕ್‌ನ ದಿನದ ವ್ಯವಹಾರ ನಡೆಸಿದ್ದು ಎವೆಲಿನ್ ಜಾನ್ಸನ್ ಅನ್ನುವ ಹೆಂಗಸು. ಬಫಲೋ ಬುಕಿಂಗ್ ಏಜೆನ್ಸಿ ಅಂತ ಕಟ್ಟಿ ಕಲಾವಿದರಿಗೆ ದಕ್ಷಿಣದ ಊರೂರಲ್ಲಿ ಕಾರ್ಯಕ್ರಮ ಹಿಡಿದುಕೊಟ್ಟವರು. ಗಾಯಕರ ಹೊಟ್ಟೆ ತುಂಬಿದ್ದು ಆ ಕಾರ್ಯಕ್ರಮಗಳಿಂದ, ತಟ್ಟೆಯಿಂದಲ್ಲ. ಇತಿಹಾಸದ ಬರಹಗಳಲ್ಲಿ ಆಕೆಗೆ ಸಿಗೋದು ಅರ್ಧ ವಾಕ್ಯ.

ಲೇಬಲ್ ಮಾಲೀಕನಾಗಿ ನನಗೆ ಇಷ್ಟವಾಗೋದು ಸ್ಯಾಮ್ ಕುಕ್. ಲಾಸ್ ಏಂಜಲೀಸ್‌ನ ಸ್ಪೆಷಾಲ್ಟಿ ಲೇಬಲ್‌ನಲ್ಲಿ ಸೋಲ್ ಸ್ಟರರ್ಸ್ ತಂಡದ ಜೊತೆ ಗಾಸ್ಪೆಲ್ ಹಾಡುತ್ತಿದ್ದ ಹುಡುಗ. 1956ರಲ್ಲಿ ಪ್ರೇಮಗೀತೆ ಹಾಡಬೇಕು ಅನ್ನಿಸಿತು, ಚರ್ಚಿನವರಿಗೆ ಗೊತ್ತಾಗಬಾರದು ಅಂತ ಚೀಟಿ ಮೇಲೆ "ಡೇಲ್ ಕುಕ್" ಅಂತ ಹಾಕಿದರು. ಆ ಗಂಟಲು ಯಾರಿಗೆ ಗೊತ್ತಾಗಲ್ಲ? ಮಾರನೇ ವರ್ಷ ಸ್ಟುಡಿಯೋದಲ್ಲಿ ಪಾಪ್ ಹಾಡಿಗೆ ಬಿಳಿಯರ ಹಿಮ್ಮೇಳ ಕಂಡು ಮಾಲೀಕ ಆರ್ಟ್ ರೂಪ್ ಸಿಡಿದೆದ್ದ. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್‌ಗೆ ಬರಬೇಕಿದ್ದ ರಾಯಲ್ಟಿಯ ಬದಲು ಆ ಟೇಪನ್ನೂ ಕುಕ್‌ನನ್ನೂ ಕೊಟ್ಟು ಕಳಿಸಿದ. ಟೇಪು ಕೀನ್ ಅನ್ನೋ ಹೊಸ ಲೇಬಲ್‌ನಿಂದ ಹೊರಬಂದು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟ ಆಯ್ತು. ರೂಪ್ 104 ವರ್ಷ ಬದುಕಿದ. ಆ ವಿಷಯ ಅವನಿಗೆ ಎಷ್ಟು ಜನ ನೆನಪಿಸಿರಬೇಡ!

ಕುಕ್ ಇದರಿಂದ ಪಾಠ ಕಲಿತ. ಗೆಳೆಯ ಜೆ.ಡಬ್ಲ್ಯು. ಅಲೆಕ್ಸಾಂಡರ್ ಜೊತೆ ಎಸ್‌ಎಆರ್ ಅಂತ ಸ್ವಂತ ಲೇಬಲ್, ಹಾಡಿನ ಹಕ್ಕುಗಳಿಗೆ ಸ್ವಂತ ಕಂಪನಿ. ಕ್ಲೀವ್‌ಲ್ಯಾಂಡಿನ ವೊಮ್ಯಾಕ್ ಅಣ್ಣತಮ್ಮಂದಿರು ಗಾಸ್ಪೆಲ್ ಹಾಡಲು ಬಂದರು. ಅವರ ಒಂದು ಗಾಸ್ಪೆಲ್ ಹಾಡಿಗೆ ಬೇರೆ ಮಾತು ಹಾಕಿಸಿ, ವ್ಯಾಲೆಂಟಿನೋಸ್ ಅಂತ ಹೊಸ ಹೆಸರಿಟ್ಟು 1962ರಲ್ಲಿ ಬಿಟ್ಟ. ತಂದೆ ಮಕ್ಕಳನ್ನು ಮನೆಯಿಂದ ಹೊರಗೆ ಹಾಕಿದರು. 1964ರಲ್ಲಿ ಅವರ ಇನ್ನೊಂದು ಹಾಡನ್ನು ರೋಲಿಂಗ್ ಸ್ಟೋನ್ಸ್ ಎತ್ತಿಕೊಂಡು ಬ್ರಿಟನ್ನಿನಲ್ಲಿ ತಮ್ಮ ಮೊದಲ ನಂಬರ್ ಒನ್ ಮಾಡಿಕೊಂಡರು. ಬಾಬಿ ವೊಮ್ಯಾಕ್‌ಗೆ ಮೊದಲು ಮೈಯೆಲ್ಲ ಉರಿದಿತ್ತಂತೆ, ರಾಯಲ್ಟಿ ಚೆಕ್ ಕೈಗೆ ಬಂದ ಮೇಲೆ ಕೋಪ ಇಳಿಯಿತಂತೆ. ಅದೇ ಡಿಸೆಂಬರಿನಲ್ಲಿ ಕುಕ್ ಗುಂಡಿಗೆ ಬಲಿಯಾದ, ಎಸ್‌ಎಆರ್ ಅಲ್ಲಿಗೆ ನಿಂತಿತು.

ಮೆಂಫಿಸ್ ಮಾವ

ಮೆಂಫಿಸ್‌ನ ಸ್ಟ್ಯಾಕ್ಸ್ ಲೇಬಲ್ ಇಲ್ಲದೆ ಈ ಎಳೆ ಹೇಗೆ ಮುಂದುವರೀತಿದೆ? ಕೆಲಸದ ನಿಮಿತ್ತ ಈ ಊರಲ್ಲಿ ಬಹಳ ಕಾಲದಿಂದ ಇದ್ದೀನಿ, ನೆಂಟರು ಬಂದರೆ ಮೊದಲು ಕರ್ಕೊಂಡು ಹೋಗೋದು ಸ್ಟ್ಯಾಕ್ಸ್ ಇದ್ದ ಈಸ್ಟ್ ಮೆಕ್ಲೆಮೋರ್ ಅವೆನ್ಯೂಗೆ.

ಜಿಮ್ ಸ್ಟೂವರ್ಟ್ ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದ ಪಿಟೀಲು ವಾದಕ. 1957ರಲ್ಲಿ ಸ್ಯಾಟಲೈಟ್ ಅಂತ ಲೇಬಲ್ ಶುರು ಮಾಡಿದ. ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮನೆ ಅಡವಿಟ್ಟು ಆಂಪೆಕ್ಸ್ ಟೇಪ್ ಯಂತ್ರ ತರಿಸಿಕೊಟ್ಟಳು. 1960ರಲ್ಲಿ ಖಾಲಿ ಬಿದ್ದಿದ್ದ ಕ್ಯಾಪಿಟಲ್ ಅನ್ನೋ ಸಿನಿಮಾ ಟಾಕೀಸ್ ಬಾಡಿಗೆಗೆ ಸಿಕ್ತು. ಕುರ್ಚಿ ಕಿತ್ತರು, ನೆಲದ ಇಳಿಜಾರು ಹಾಗೇ ಬಿಟ್ಟರು, ಸಮ ಮಾಡೋಕೆ ದುಡ್ಡಿರಲಿಲ್ಲ. ಸ್ಟ್ಯಾಕ್ಸ್ ಸದ್ದಿನ ಆಳದಲ್ಲಿ ಆ ಇಳಿಜಾರಿದೆ ಅಂತ ಎಂಜಿನಿಯರುಗಳು ಹೇಳ್ತಾರೆ. ಟಾಕೀಸಿನ ತಿಂಡಿ ಕೌಂಟರ್ ಇದ್ದ ಕಡೆ ಎಸ್ಟೆಲ್ ರೆಕಾರ್ಡ್ ಅಂಗಡಿ ತೆರೆದಳು. ಕೇರಿಯ ಹುಡುಗರು ಯಾವ ತಟ್ಟೆ ಎತ್ತಿಕೊಳ್ತಾರೆ, ಯಾವುದಕ್ಕೆ ಕಾಲು ಕುಣಿಸ್ತಾರೆ ಅಂತ ನೋಡಿ ಒಳಗಿನ ಸ್ಟುಡಿಯೋಗೆ ಹೇಳೋಳು. ಆ ಹುಡುಗರಲ್ಲೇ ಕೆಲವರು ಒಳಗೆ ಹೋಗಿ ನುಡಿಸಿದರು, ಬುಕರ್ ಟಿ. ಜೋನ್ಸ್ ಆಗಿನ್ನೂ ಹೈಸ್ಕೂಲು. ಇದೆಲ್ಲ ನಡೆದದ್ದು ಕಪ್ಪು ಬಿಳಿ ಜನ ಒಂದೇ ಹೋಟೆಲಲ್ಲಿ ಕೂತು ಊಟ ಮಾಡೋ ಹಾಗಿಲ್ಲದ ಊರಲ್ಲಿ.

ಕ್ಯಾಲಿಫೋರ್ನಿಯಾದಲ್ಲಿ ಬೇರೊಂದು ಸ್ಯಾಟಲೈಟ್ ಇದ್ದದ್ದರಿಂದ 1961ರಲ್ಲಿ ಹೆಸರು ಸ್ಟ್ಯಾಕ್ಸ್ ಆಯ್ತು. ಅಟ್ಲಾಂಟಿಕ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿ ಜೊತೆ ವಿತರಣೆ ಒಪ್ಪಂದ. ಮೊದಲು ಬಾಯಿಮಾತು, 1965ರಲ್ಲಿ ಕಾಗದ. ಸ್ಟೂವರ್ಟ್ ವಕೀಲರಿಗೆ ತೋರಿಸದೇ ಸಹಿ ಹಾಕಿದ. 1967ರ ಡಿಸೆಂಬರ್ 10ರಂದು ವಿಮಾನ ಸರೋವರಕ್ಕೆ ಬಿದ್ದು ಸ್ಟ್ಯಾಕ್ಸ್‌ನ ದೊಡ್ಡ ಗಾಯಕ ಓಟಿಸ್ ರೆಡಿಂಗ್, ಬಾರ್-ಕೇಸ್ ತಂಡದ ಹುಡುಗರು ಹೋದರು. ಮರುವರ್ಷ ಅಟ್ಲಾಂಟಿಕ್ ಕೈಬದಲಾಗಿದ್ದರಿಂದ ಒಪ್ಪಂದ ಬಿಡಿಸಿಕೊಳ್ಳೋಣ ಅಂತ ಕಾಗದ ತೆಗೆದು ಓದಿದರೆ, ಅಟ್ಲಾಂಟಿಕ್ ವಿತರಿಸಿದ ಅಷ್ಟೂ ಮಾಸ್ಟರ್ ಟೇಪ್ (ಹಾಡಿನ ಮೂಲ ಟೇಪ್) ಅಟ್ಲಾಂಟಿಕ್‌ನದೇ ಆಸ್ತಿ! ಓಟಿಸ್‌ನ ಹಾಡುಗಳೂ ಸೇರಿ. ಸ್ಯಾಮ್ ಅಂಡ್ ಡೇವ್ ಅನ್ನೋ ಗಾಯಕ ಜೋಡಿಯೂ ಕೈಬಿಟ್ಟು ಹೋಯ್ತು, ಅವರನ್ನು ಅಟ್ಲಾಂಟಿಕ್ ಎರವಲು ಕೊಟ್ಟಿದ್ದು ಅಷ್ಟೇ. ಒಂದು ಬೆಳಿಗ್ಗೆ ಎದ್ದರೆ ಹಾಡಿಲ್ಲದ ರೆಕಾರ್ಡ್ ಕಂಪನಿ.

ಲೆಕ್ಕದ ಪುಸ್ತಕ

ಆಮೇಲೆ ಸ್ಟ್ಯಾಕ್ಸ್ ನಡೆಸುತ್ತಿದ್ದ ಆಲ್ ಬೆಲ್ ಮಾಡಿದ್ದು ಹುಚ್ಚು ಸಾಹಸ. 1969ರಲ್ಲಿ ಒಂದೇ ಏಟಿಗೆ 27 ಆಲ್ಬಮ್. ಅದರಲ್ಲಿ ಗಾಯಕ ಐಸಾಕ್ ಹೇಯ್ಸ್‌ನದು ಒಂದು ಗೆದ್ದು ಕಂಪನಿ ಮತ್ತೆ ಎದ್ದು ನಿಂತಿತು. 1972ರ ಆಗಸ್ಟ್ 20ರಂದು ಲಾಸ್ ಏಂಜಲೀಸ್ ಕೊಲಿಸಿಯಂನಲ್ಲಿ ವಾಟ್‌ಸ್ಟ್ಯಾಕ್ಸ್ ಅಂತ ಸಂಗೀತೋತ್ಸವ, ಟಿಕೆಟ್ಟು ಒಂದು ಡಾಲರ್, ಲಕ್ಷ ಜನ. ಅದೇ ವರ್ಷ ಗಾಸ್ಪೆಲ್ ಟ್ರೂತ್ ಅಂತ ಉಪಲೇಬಲ್, ಮಿಷಿಗನ್‌ನ ರಾನ್ಸ್ ಅಲೆನ್ ಗ್ರೂಪ್‌ನಿಂದ ಶುರು. ಫಂಕ್ ಬಾರಿಸುತ್ತಾ ದೇವರ ಹಾಡು, ಕೇಳಿಲ್ಲದವರು ಇವತ್ತೇ ಕೇಳಿ.

ಅದೇ 1972ರಲ್ಲೇ ಸಿಬಿಎಸ್ ಅನ್ನೋ ದೊಡ್ಡ ಕಂಪನಿ ಜೊತೆ ಹೊಸ ವಿತರಣೆ ಒಪ್ಪಂದ. ಅದನ್ನು ಮಾಡಿದ ಕ್ಲೈವ್ ಡೇವಿಸ್‌ನನ್ನು ಮರುವರ್ಷ ಸಿಬಿಎಸ್ ಹೊರಗೆ ಹಾಕಿತು, ತಟ್ಟೆಗಳು ಕೇರಿಯ ಸಣ್ಣ ಅಂಗಡಿಗಳನ್ನು ಮುಟ್ಟೋದೇ ನಿಂತಿತು. ಯೂನಿಯನ್ ಪ್ಲಾಂಟರ್ಸ್ ಬ್ಯಾಂಕಿನ ಸಾಲ ಬೆಳೀತಾ ಹೋಯ್ತು. 1975ರ ಡಿಸೆಂಬರಿನಲ್ಲಿ ಬಾಗಿಲಿಗೆ ಬೀಗ. ವಿತರಕನ ಕೈಯಲ್ಲಿ ಎರಡು ಸಲ ಸತ್ತ ಕಂಪನಿ ಇದು.

ಮೆಂಫಿಸ್ ಮಾವ

ಆಲ್ ಬೆಲ್ ಮೇಲೆ ಬ್ಯಾಂಕ್ ವಂಚನೆ ಕೇಸು ನಡೆದು 1976ರಲ್ಲಿ ನಿರ್ದೋಷಿ ಅಂತ ತೀರ್ಪು ಬಂತು, ಅದನ್ನೂ ಬರೀರಿ. ಕಟ್ಟಡ ಒಂದು ಚರ್ಚಿನ ಪಾಲಾಗಿ 1989ರಲ್ಲಿ ನೆಲಸಮ. 2003ರಲ್ಲಿ ಅದೇ ಜಾಗದಲ್ಲಿ ಅದೇ ಮುಖದ ಕಟ್ಟಡ ಎಬ್ಬಿಸಿ ಮ್ಯೂಸಿಯಂ ಮಾಡಿದ್ದಾರೆ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಎದುರಾಗೋದು ಒಂದು ಮರದ ಚರ್ಚು, ಮಾದರಿಯಲ್ಲ, ನಿಜವಾದ್ದು. ಮಿಸ್ಸಿಸ್ಸಿಪ್ಪಿಯ ಡಂಕನ್ ಊರಿನಿಂದ ಬಿಚ್ಚಿ ತಂದು ಜೋಡಿಸಿದ ನೂರು ವರ್ಷ ಹಳೆಯ ಹೂಪರ್ಸ್ ಚಾಪೆಲ್. ಹಲಗೆ ಗೋಡೆ, ಗಟ್ಟಿ ಬೆಂಚು. ಅದನ್ನು ದಾಟಿ ಇನ್ನೂ ಮುಂದೆ ಹೋದರೆ ಐಸಾಕ್ ಹೇಯ್ಸ್‌ನ ಚಿನ್ನದ ಅಲಂಕಾರದ ಕ್ಯಾಡಿಲಾಕ್ ಗರಗರ ತಿರುಗ್ತಿರುತ್ತೆ. ನಮ್ಮ ಅತ್ತಿಗೆ ಕಾರಿನ ಮುಂದೆ ಫೋಟೋ ತೆಗೆಸಿಕೊಂಡರು, ಚರ್ಚಿನ ಮುಂದೆ ಬೇಡ ಅಂದರು.

ಉತ್ತರದ ಚಳಿ

ಡೆಟ್ರಾಯಿಟ್ ಕಡೆಯಿಂದ ಒಂದು. ಮೋಟೌನ್‌ಗೆ ಮುಂಚೆ ಇಲ್ಲಿ ಹೇಸ್ಟಿಂಗ್ಸ್ ಬೀದಿಯಲ್ಲಿ ಜೋ ವಾನ್ ಬ್ಯಾಟಲ್ ಅನ್ನುವವನ ರೆಕಾರ್ಡ್ ಅಂಗಡಿ ಇತ್ತು, ಹಿಂಬದಿಯಲ್ಲಿ ಸ್ಟುಡಿಯೋ, ಲೇಬಲ್ ಹೆಸರು ಜೆವಿಬಿ. ಭಾನುವಾರ ನ್ಯೂ ಬೆಥೆಲ್ ಚರ್ಚಿಗೆ ಯಂತ್ರ ಹೊತ್ತುಕೊಂಡು ಹೋಗಿ ಪಾದ್ರಿ ಸಿ.ಎಲ್. ಫ್ರಾಂಕ್ಲಿನ್ ಅವರ ಪ್ರವಚನ ರೆಕಾರ್ಡ್ ಮಾಡೋದು, ತಟ್ಟೆ ಒತ್ತಿಸಿ, ಅಂಗಡಿ ಹೊರಗೆ ಧ್ವನಿವರ್ಧಕದಲ್ಲಿ ಹಾಕೋದು. ಬೀದಿ ತುಂಬ ಜನ ನಿಂತು ಕೇಳೋರು. ಪ್ರವಚನದ ತಟ್ಟೆ ಹಾಡಿನ ತಟ್ಟೆಗಿಂತ ಜೋರಾಗಿ ಮಾರಾಟ ಆಗ್ತಿತ್ತು. 1956ರಲ್ಲಿ ಅದೇ ಚರ್ಚಿನಲ್ಲಿ ಪಾದ್ರಿಯ ಹದಿನಾಲ್ಕು ವರ್ಷದ ಮಗಳು ಪಿಯಾನೋ ಮುಂದೆ ಕೂತು ಹಾಡಿದ್ದನ್ನೂ ಹಿಡಿದ. ಅರೀತಾ ಫ್ರಾಂಕ್ಲಿನ್ ಅವರ ಮೊದಲ ರೆಕಾರ್ಡಿಂಗ್ ಅದು.

ಹೇಸ್ಟಿಂಗ್ಸ್ ಬೀದಿಯನ್ನು ಹೆದ್ದಾರಿಗಾಗಿ ಕೆಡವಿದರು. ಜೋ 12ನೇ ಬೀದಿಗೆ ಅಂಗಡಿ ಸಾಗಿಸಿದ. 1967ರ ಜುಲೈ ದಂಗೆ ಶುರುವಾದದ್ದು ಅದೇ ಬೀದಿಯಲ್ಲಿ. ಕಿಟಕಿಗೆ "ಸೋಲ್ ಬ್ರದರ್" ಅಂತ ಬರೆದಿದ್ದ (ಇದು ಕಪ್ಪು ಜನರ ಅಂಗಡಿ, ಬಿಟ್ಟುಬಿಡಿ ಅಂತ), ಆದರೂ ಅಂಗಡಿ ಉಳೀಲಿಲ್ಲ. ದಿನಗಳ ನಂತರ ಒಳಗೆ ಬಿಟ್ಟಾಗ ಕರಗಿದ ತಟ್ಟೆ, ಅಗ್ನಿಶಾಮಕದವರ ನೀರಲ್ಲಿ ನೆನೆದ ಟೇಪು. ಯಾರಿಗೂ ಕೇಳಿಸದ ಎಷ್ಟೋ ಧ್ವನಿಗಳು ಅದರಲ್ಲಿದ್ದವು ಅಂತ ಅವನ ಮಗಳು ಬರೆದಿದ್ದಾರೆ.

ಇದನ್ನು ದೊಡ್ಡ ಕಂಪನಿಗಳ ಗೋದಾಮಿನ ಜೊತೆ ಇಟ್ಟು ನೋಡಿ. ಪೀಕಾಕ್ 1973ರಲ್ಲಿ ಎಬಿಸಿ ಅನ್ನೋ ದೊಡ್ಡ ಕಂಪನಿಗೆ ಮಾರಾಟವಾಗಿ, ಎಂಸಿಎ ಅನ್ನೋ ಇನ್ನೊಂದರ ಮೂಲಕ ಯೂನಿವರ್ಸಲ್ ಸೇರಿತು. 2008ರ ಜೂನ್ 1ರಂದು ಹಾಲಿವುಡ್‌ನಲ್ಲಿ ಮೂಲ ಟೇಪುಗಳಿದ್ದ ಯೂನಿವರ್ಸಲ್ ಗೋದಾಮು ಸುಟ್ಟಿತು. ಎಷ್ಟು ದೊಡ್ಡ ನಷ್ಟ ಅನ್ನೋದು ಪತ್ರಿಕೆಯಲ್ಲಿ ಬಂದದ್ದು 2019ರಲ್ಲಿ, ಕಂಪನಿ ಅಷ್ಟೆಲ್ಲ ಹೋಗಿಲ್ಲ ಅಂತ ವಾದಿಸಿತು.

ಹೊಸಬ ಕೇಳ್ತಾನೆ

ಇಲ್ಲಿ ಬಂದವೆಲ್ಲ ಹೆಸರಾದ ಲೇಬಲ್‌ಗಳೇ. ಇನ್ನೂ ಸಣ್ಣವು, ಒಂದೋ ಎರಡೋ ತಟ್ಟೆ ಬಿಟ್ಟವು? ನನ್ನ ಹತ್ತಿರ ಇರೋ ಒಂದು 45ರ (ನಿಮಿಷಕ್ಕೆ 45 ಸುತ್ತಿನ ಸಣ್ಣ ತಟ್ಟೆ) ಚೀಟಿ ಮೇಲೆ ಊರಿನ ಹೆಸರೂ ಇಲ್ಲ.

ಕುಡ್ಲದ ಕೇಳುಗ

ಅವು ಸಾವಿರಾರು ಉಂಟು. ನಮ್ಮ ಕಡೆ ಭಜನಾ ಮಂಡಳಿಯವರು ಚಂದಾ ಎತ್ತಿ ಕ್ಯಾಸೆಟ್ ಮಾಡಿಸಿ ಜಾತ್ರೆಯಲ್ಲಿ ಮಾರ್ತಿದ್ರಲ್ಲ, ಅದೇ ವ್ಯವಹಾರ. ಕ್ವಾರ್ಟೆಟ್‌ನವರು, ಅಂದ್ರೆ ಗಾಸ್ಪೆಲ್ ಹಾಡುವ ಸಣ್ಣ ತಂಡದವರು, ದುಡ್ಡು ಕೊಡ್ತಾರೆ, ಸ್ಟುಡಿಯೋದವನು ಒಂದೆರಡು ಗಂಟೆಯಲ್ಲಿ ಎರಡು ಹಾಡು ಮುಗಿಸ್ತಾನೆ, ಕೆಲವು ನೂರು ಪ್ರತಿ ಬರ್ತದೆ. ಮೆಂಫಿಸ್‌ನಲ್ಲಿ ಸ್ಟೈಲ್ ವೂಟನ್ ಎಂಬವನ ಡಿಸೈನರ್ ಲೇಬಲ್ ಹೀಗೇ ನೂರಾರು ತಂಡಗಳನ್ನು ಹಿಡಿಯಿತು. ಅದೇ ಊರಲ್ಲಿ ಹುವಾನ್ ಶಿಪ್ ಎಂಬ ಪಾದ್ರಿ, ರೇಡಿಯೋ ಡಿಜೆ ಕೂಡ, ತನಗೆ ಬರುವ ಗಾಸ್ಪೆಲ್ ತಟ್ಟೆಗಳ ಸದ್ದು ಕಳಪೆ ಅಂತ ಬೇಸತ್ತು 1972ರ ಹೊತ್ತಿಗೆ ಡಿ-ವೈನ್ ಸ್ಪಿರಿಚುವಲ್ಸ್ ಶುರು ಮಾಡಿದರು. ಅಲ್ಲಿ ಹಾಡಿದ ಎಲಿಜಬೆತ್ ಕಿಂಗ್ ಮಧ್ಯೆ ದಶಕಗಟ್ಟಲೆ ಮಕ್ಕಳು ಮರಿ ಅಂತ ಇದ್ದು, 2021ರಲ್ಲಿ ಹೊಸ ಆಲ್ಬಮ್ ತಂದರು. ಏನು ಕಂಠ!

ಲೆಕ್ಕದ ಪುಸ್ತಕ

ಹೊಸಬರಿಗೆ: ಚೀಟಿ ಬಿಡಿ, ದೀಪದ ಕೆಳಗೆ ತಟ್ಟೆ ಓರೆ ಹಿಡಿದು ಹಾಡಿನ ಗೆರೆ ಮುಗಿದ ಮೇಲೆ ಚೀಟಿವರೆಗಿನ ನುಣುಪು ಜಾಗ ನೋಡಿ. ಅಲ್ಲಿ ಕೊರೆದ ಸಂಖ್ಯೆ ಇರುತ್ತೆ. ಸಣ್ಣ ತ್ರಿಕೋನದ ಮುಂದೆ ಐದಾರು ಅಂಕಿ ಇದ್ದರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಪ್ಲಾಂಟ್. ಆ ಸಂಖ್ಯೆ ಕ್ರಮವಾಗಿ ಏರುತ್ತಾ ಹೋಗಿದೆ, ಹಾಗಾಗಿ ಯಾವ ವರ್ಷದ ತಟ್ಟೆ ಅಂತ ಹೆಚ್ಚುಕಮ್ಮಿ ಹೇಳಬಹುದು. ಸಿನ್ಸಿನಾಟಿಯ ರೈಟ್ ಕಂಪನಿ ಒತ್ತಿದ್ದಾದರೆ ಗಿರಾಕಿಯ ಖಾತೆ ಸಂಖ್ಯೆ ಸಿಗುತ್ತೆ, ಸಂಗ್ರಾಹಕರು ಅದರ ಪಟ್ಟಿ ಮಾಡಿಟ್ಟಿದ್ದಾರೆ. ಊರಿಲ್ಲದ ತಟ್ಟೆಗೆ ಊರು ಹುಡುಕೋದು ಹೀಗೆ.

ಹುಬ್ಳಿ ಹಾರ್ಮೋನಿಯಂ

ಹುಡುಕಿದ ಮ್ಯಾಲ ರೊಕ್ಕ ಯಾರಿಗ್ರಿ? ಇಂಗ್ಲೆಂಡಿನ ನಾರ್ದರ್ನ್ ಸೋಲ್ ಮಂದಿ (ಅಪರೂಪದ ಹಳೇ ಸೋಲ್ ತಟ್ಟಿ ಹುಡುಕಿ ಕುಣಿಯವ್ರು) ಫ್ರಾಂಕ್ ವಿಲ್ಸನ್‌ನ 1965ರ ಒಂದು ತಟ್ಟಿಗೆ 2009ರಾಗ 25 ಸಾವಿರ ಪೌಂಡ್ ಮ್ಯಾಲ ಕೊಟ್ರು. 2020ರಾಗ ಲಕ್ಷ ಪೌಂಡ್ ಆತು. ಹಾಡಿದಾಂವಗ ಅದ್ರಾಗ ಒಂದು ಪೈಸಾ ಇಲ್ಲ. ಅಂವಾ ಧಂದೆ ಬಿಟ್ಟು ಪಾದ್ರಿ ಆಗಿದ್ದ.

ತಟ್ಟೆಪ್ರಿಯ

ಅದಕ್ಕೇ ಮರುಮುದ್ರಣ ಮಾಡುವವರಲ್ಲಿ ಯಾರು ಮೂಲದವರನ್ನು ಹುಡುಕಿ ಒಪ್ಪಂದ ಮಾಡ್ತಾರೆ ಅಂತ ನೋಡೋದು. ಷಿಕಾಗೋದ ನ್ಯೂಮೆರೋ ಗ್ರೂಪ್ 2004ರಲ್ಲಿ ತಂದ ಮೊದಲ ಸಂಕಲನ ಒಹಾಯೋದ ಕೊಲಂಬಸ್‌ನ ಕ್ಯಾಪ್‌ಸೋಲ್ ಲೇಬಲ್‌ನದು. ಅದರ ಮಾಲೀಕ ಬಿಲ್ ಮಾಸ್ ಡಿಜೆ ಆಗಿದ್ದವರು, ಆಮೇಲೆ ಊರಿನ ಶಾಲಾ ಮಂಡಳಿಯ ಸದಸ್ಯರಾಗಿ ಹೆಸರು ಮಾಡಿದರು.

ಗಾಸ್ಪೆಲ್‌ಗೆ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದ ಸಂಗ್ರಹ ಇದೆ. ರಾಬರ್ಟ್ ಡಾರ್ಡನ್ ಅನ್ನೋ ಪ್ರೊಫೆಸರ್ ಈ ತಟ್ಟೆಗಳೆಲ್ಲ ಮಾಯವಾಗ್ತಿವೆ ಅಂತ 2005ರಲ್ಲಿ ಪತ್ರಿಕೆಗೆ ಬರೆದರು, ಓದಿದ ಉದ್ಯಮಿಯೊಬ್ಬರು ಮೂರೂವರೆ ಲಕ್ಷ ಡಾಲರ್ ಕೊಟ್ಟರು. ಜನ ಅಟ್ಟದಿಂದ ಇಳಿಸಿ ಕಳಿಸಿದ ತಟ್ಟೆಗಳನ್ನು ಡಿಜಿಟಲ್ ಮಾಡಿ ಇಡ್ತಿದ್ದಾರೆ. ಹೊಸಬರೇ, ನಿಮ್ಮ ತಟ್ಟೆಯ ಎರಡೂ ಮುಖದ ಫೋಟೋ, ಆ ಕೊರೆದ ಸಂಖ್ಯೆ ಇಲ್ಲಿ ಹಾಕಿ. ಒಳ್ಳೆ ಬೆಳಕಲ್ಲಿ ತೆಗೀರಿ.

ಹೊಸಬ ಕೇಳ್ತಾನೆ

ತ್ರಿಕೋನ ಇದೆ! ಮುಂದೆ ಐದು ಅಂಕಿ, ಕೊನೇದು ಮೂರೋ ಎಂಟೋ ಸರಿಯಾಗಿ ಕಾಣ್ತಿಲ್ಲ. ಸಂಜೆ ಫೋಟೋ ಹಾಕ್ತೀನಿ.